ಸಂಡೂರಿನ ಕೆಂಪು ದೂಳು, ಕಾರಿನ ಮೂಗು

ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿಲೋಮೀಟರ್. ತುಂಗಭದ್ರೆಯ ಕಾಲುವೆ ನೀರು ಕುಡಿದ ಬಾಳೆ, ಕಬ್ಬು, ಭತ್ತದ ಹಸಿರು ಹಿಂದೆ ಸರಿದ ಮೇಲೆ ದಾರಿಯ ಬಣ್ಣ ನಿಧಾನವಾಗಿ ಬದಲಾಗುತ್ತದೆ. ಮೊದಲು ರಸ್ತೆಯ ಅಂಚು ಕೆಂಪು. ಆಮೇಲೆ ಬೇಲಿಯ ಜಾಲಿ ಕೆಂಪು. ಮೈಲುಗಲ್ಲು, ಬಸ್ ತಂಗುದಾಣದ ಗೋಡೆ, ಚಹಾ ಅಂಗಡಿಯ ತಗಡು, ನೆರಳಲ್ಲಿ ಮಲಗಿದ ನಾಯಿಯ ಬೆನ್ನು ಕೂಡ ಕೆಂಪು. ಕುಂಕುಮದ ಕೆಂಪಲ್ಲ, ಇಟ್ಟಿಗೆಯನ್ನು ನುಣ್ಣಗೆ ಅರೆದು ಮೇಲಿಂದ ಉದುರಿಸಿದಂಥ ಕೆಂಪು. ಬೆರಳಲ್ಲಿ ಉಜ್ಜಿ ನೋಡಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಇದು ಬರೀ ಮಣ್ಣಲ್ಲ, ಕಬ್ಬಿಣದ ಅದಿರಿನ ಪುಡಿ.

ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ಕಣಿವೆ. ಆ ಬಟ್ಟಲಿನಲ್ಲಿದೆ ಸಂಡೂರು. ನಾರಿಹಳ್ಳ ಎಂಬ ಹಳ್ಳ ಬೆಟ್ಟದ ಸಾಲನ್ನು ಸೀಳಿಕೊಂಡು ಹರಿಯುತ್ತದೆ. ಅದು ಸೀಳಿದ ಕಡೆಗಳಿಗೆ ಇಲ್ಲಿಯವರು ಗಂಡಿ ಎನ್ನುತ್ತಾರೆ. ಭೀಮಗಂಡಿ, ಓಬಳಗಂಡಿ ಎಂಬ ಹೆಸರು ಕೇಳಿದರೇ ಮಕ್ಕಳಿಗೆ ಖುಷಿ. ಒಂದು ಕಾಲಕ್ಕೆ ಇದು ಘೋರ್ಪಡೆ ಮನೆತನದ ಅರಸರು ಆಳಿದ ಪುಟ್ಟ ಸಂಸ್ಥಾನ. 1949ರಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗೆ ಸೇರಿತು. 1953ರಲ್ಲಿ ಬಳ್ಳಾರಿಯ ಜೊತೆಗೆ ಮೈಸೂರು ರಾಜ್ಯಕ್ಕೆ ಬಂತು. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾದರೂ ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿದೆ.

ಈ ಬೆಟ್ಟಗಳ ಹೊಟ್ಟೆಯಲ್ಲಿರುವುದು ಹೆಮಟೈಟ್ ಎಂಬ ಉತ್ತಮ ದರ್ಜೆಯ ಕಬ್ಬಿಣದ ಅದಿರು. ದೋಣಿಮಲೈನಲ್ಲಿ ಸರ್ಕಾರಿ ಗಣಿ 1977ರಲ್ಲಿ ಶುರುವಾಯಿತು. 2000ದ ನಂತರ ಅದಿರಿಗೆ ಹೊರದೇಶದಲ್ಲಿ ಬೆಲೆ ಏರಿದಾಗ ಈ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲು ರಾತ್ರಿ ಮುಗಿಯುತ್ತಿರಲಿಲ್ಲ. 2011ರಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ನಿಯಮಗಳೊಂದಿಗೆ ಗಣಿಗಳು ಮತ್ತೆ ತೆರೆದವು. ಈಗ ಲಾರಿಗಳ ಮೇಲೆ ತಾಡಪಾಲು ಕಾಣುತ್ತದೆ, ಅಲ್ಲಲ್ಲಿ ಟ್ಯಾಂಕರಿನಿಂದ ರಸ್ತೆಗೆ ನೀರು ಚಿಮುಕಿಸುವುದೂ ಕಾಣುತ್ತದೆ. ಆದರೂ ದೂಳು ದೂಳೇ.

ದಸರಾ ರಜೆಯಲ್ಲಿ ನಾವು ಐದು ಜನ ಹೊರಟಿದ್ದೆವು: ನಾನು, ಮಗ, ಸೊಸೆ, ಆರನೇ ತರಗತಿಯ ಮೊಮ್ಮಗಳು, ಮೂರನೇ ತರಗತಿಯ ಮೊಮ್ಮಗ. ಮಳೆ ನಿಂತು ಹದಿನೈದು ದಿನವಾಗಿತ್ತು. ಬೆಟ್ಟಗಳು ಇನ್ನೂ ಹಸಿರು, ರಸ್ತೆ ಮಾತ್ರ ಮತ್ತೆ ಕೆಂಪು. ಬೆಳಿಗ್ಗೆ ಹೊಸಪೇಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಹೊರಟರೆ ಮಧ್ಯಾಹ್ನದೊಳಗೆ ಕುಮಾರಸ್ವಾಮಿ ಬೆಟ್ಟದಲ್ಲಿರಬೇಕೆಂಬುದು ನಮ್ಮ ಲೆಕ್ಕ.

ಏದುಸಿರು ಬಿಟ್ಟ ಕಾರು

ಮೂರು ದಿನದಿಂದ ತೋರಣಗಲ್ಲು, ಹೊಸಪೇಟೆ ಎಂದು ಅದಿರಿನ ಲಾರಿಗಳ ಹಿಂದೆಯೇ ಓಡಾಡಿದ್ದ ಕಾರು ಏರಿನಲ್ಲಿ ಸೋತಿತು. ಮಗ ಎಷ್ಟು ಒತ್ತಿದರೂ ಎಳೆಯುತ್ತಿಲ್ಲ. ಹಿಂದಿನ ಗಾಜಿನಲ್ಲಿ ನೋಡುತ್ತಿದ್ದ ಮೊಮ್ಮಗ, ‘ಅಜ್ಜಾ, ನಮ್ಮ ಕಾರು ಕರಿ ಹೊಗೆ ಬಿಡ್ತಿದೆ’ ಎಂದ. ಹಾಗೂ ಹೀಗೂ ಸಂಡೂರು ತಲುಪಿ ಒಂದು ಗ್ಯಾರೇಜಿನ ಮುಂದೆ ನಿಂತೆವು. ಬೇವಿನ ಮರ, ಅದರ ಕೆಳಗೆ ಎರಡು ಲಾರಿ, ಒಂದು ಬಿಚ್ಚಿಟ್ಟ ಎಂಜಿನ್, ಎಣ್ಣೆ ಹೀರಿ ಕಪ್ಪಾದ ನೆಲ.

ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಬಂದು ಬಾನೆಟ್ ಎತ್ತಿದ. ಎಂಜಿನ್ ಪಕ್ಕದ ಕಪ್ಪು ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿ ಒಳಗಿನಿಂದ ಒಂದು ಚೌಕ ತೆಗೆದ. ಹಾರ್ಮೋನಿಯಂನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಕಾಗದ. ಅದೇ ಏರ್ ಫಿಲ್ಟರ್. ಹೊಸದಿದ್ದಾಗ ಬಿಳಿಯೋ ಹಳದಿಯೋ ಇರಬೇಕಾದದ್ದು ಈಗ ಕಾವಿಕಲ್ಲಿನ ಬಣ್ಣ. ಹುಡುಗ ಅದನ್ನು ನೆಲಕ್ಕೆ ಕುಟ್ಟಿದ. ಒಂದು ಹಿಡಿ ಕೆಂಪು ಪುಡಿ ಬಿತ್ತು. ಆಮೇಲೆ ಟೈರಿಗೆ ಗಾಳಿ ತುಂಬುವ ಪೈಪ್ ತಂದು ಜೋರಾಗಿ ಗಾಳಿ ಹೊಡೆದ. ಫಟ್ ಎಂದಿತು. ಒಂದು ಮಡಿಕೆ ಬಾಯಿ ಬಿಟ್ಟಿತ್ತು.

‘ಹರದೋಯ್ತು ಸಾರ್. ಇದೇನು ಬೇಕಾಗಿಲ್ಲ ಬಿಡ್ರಿ. ತೆಗೆದು ಹಾಂಗೇ ಹೊಡೀರಿ, ಇನ್ನೂ ಚಲೋ ಎಳೀತೈತಿ’ ಎಂದ ಅವನು, ಡಬ್ಬಿಯನ್ನು ಖಾಲಿಯಾಗಿಯೇ ಮುಚ್ಚಿ. ಮಗ ಎಂಜಿನ್ ಚಾಲೂ ಮಾಡಿದ. ನಿಜವೇ! ಏದುಸಿರೆಲ್ಲ ಮಾಯ. ದನಿ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೇ. ಒತ್ತಿದ ತಕ್ಷಣ ಗುಂಯ್ ಎಂದು ಏರುತ್ತಿತ್ತು.

‘ಅಪ್ಪಾ, ಬೆಟ್ಟಕ್ಕೆ ಇನ್ನು ಹತ್ತು ಹನ್ನೆರಡು ಕಿಲೋಮೀಟರ್ ತಾನೇ? ಹೋಗಿಬಂದು ನಾಳೆ ಹೊಸಪೇಟೆಯಲ್ಲಿ ಹಾಕಿಸಿದರಾಯ್ತು’ ಎಂದ ಮಗ. ಅವನ ರಜೆ ಮುಗಿಯುತ್ತಾ ಬಂದಿತ್ತು. ಮಕ್ಕಳು ಆಗಲೇ ಕಾರಿನೊಳಗೆ ಹತ್ತಿ ಕೂತಿದ್ದರು.

ಅಷ್ಟರಲ್ಲಿ ಲಾರಿಯ ಕೆಳಗಿನಿಂದ ಮೇಸ್ತ್ರಿ ಎದ್ದು ಬಂದರು. ನನ್ನ ವಯಸ್ಸಿನವರೇ. ಕೈ ಒರೆಸಿಕೊಳ್ಳುತ್ತಾ ದನಿ ಕೇಳಿಯೇ, ‘ಬಂದ್ ಮಾಡ್ರಿ, ಮೊದಲು ಬಂದ್ ಮಾಡ್ರಿ’ ಎಂದರು. ಹುಡುಗನ ಕಡೆ ತಿರುಗಿ, ‘ಲೇ, ಈ ಊರಾಗ ಮೂಗು ಕಿತ್ತು ಕಳಿಸ್ತೀಯೇನೋ?’ ಎಂದರು. ಹುಡುಗ ತಲೆ ತಗ್ಗಿಸಿದ.

ಎಂಜಿನ್ ಎಷ್ಟು ಉಸಿರಾಡುತ್ತದೆ?

‘ಯಜಮಾನ್ರೇ, ಗಾಡಿ ಬರೀ ಡೀಸೆಲ್ ಕುಡೀತೈತಿ ಅಂತ ಜನ ತಿಳ್ಕೊಂಡಾರ. ಅದು ಕುಡಿಯೋದಕ್ಕಿಂತ ಉಸಿರಾಡೋದೇ ಜಾಸ್ತಿ’ ಎಂದರು ಮೇಸ್ತ್ರಿ. ಮೊಮ್ಮಗಳು ಕಾರಿನಿಂದ ಇಳಿದು ಬಂದಳು. ಅವಳಿಗೆ ಲೆಕ್ಕ ಎಂದರೆ ಇಷ್ಟ. ಹಾಗಾಗಿ ಒಂದು ಲೆಕ್ಕ ಮಾಡಿದೆವು. ಓದುಗ ಮಕ್ಕಳೂ ಮಾಡಿ ನೋಡಬಹುದು.

ನಮ್ಮ ಕಾರಿನ ಎಂಜಿನ್ 1.3 ಲೀಟರಿನದು. ಎಂದರೆ ಅದರ ಸಿಲಿಂಡರುಗಳೆಲ್ಲ ಒಂದೊಂದು ಸಲ ಉಸಿರೆಳೆದರೆ ಒಟ್ಟು 1.3 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಹೀಗೆ ಒಂದು ಸಲ ಉಸಿರೆಳೆಯಲು ಎಂಜಿನ್ ಎರಡು ಸುತ್ತು ತಿರುಗಬೇಕು. ನಿಮಿಷಕ್ಕೆ 2,000 ಸುತ್ತು ತಿರುಗಿದರೆ 1,000 ಉಸಿರು. 1.3ನ್ನು 1,000ದಿಂದ ಗುಣಿಸಿದರೆ 1,300 ಲೀಟರ್. ಮನೆಗೆ ತರುವ 20 ಲೀಟರಿನ ನೀರಿನ ಕ್ಯಾನಿನಲ್ಲಿ ತುಂಬಿದರೆ 65 ಕ್ಯಾನ್ ಗಾಳಿ, ಅದೂ ಒಂದೇ ನಿಮಿಷದಲ್ಲಿ! ಟರ್ಬೊ ಎಂಬ ಗಾಳಿ ನೂಕುವ ಚಕ್ರವಿದ್ದರೆ ಇನ್ನೂ ಹೆಚ್ಚು. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಉಸಿರಾಡುವುದು 6ರಿಂದ 8 ಲೀಟರ್ ಮಾತ್ರ.

ಸಂಡೂರಿನ ರಸ್ತೆಯಲ್ಲಿ ಅಷ್ಟು ಗಾಳಿ ಎಳೆದರೆ ಅದರೊಂದಿಗೆ ಎಷ್ಟು ದೂಳು ಬರಬೇಡ? ಕಾಗದವನ್ನು ಹಾಗೆ ಮಡಿಕೆ ಮಡಿಕೆಯಾಗಿ ಇಟ್ಟಿರುವುದೂ ಅದಕ್ಕೇ. ಸೀರೆಗೆ ನೆರಿಗೆ ಹಿಡಿದ ಹಾಗೆ, ಸಣ್ಣ ಡಬ್ಬಿಯಲ್ಲಿ ಉದ್ದನೆಯ ಕಾಗದ ಕೂರಬೇಕು. ಗಾಳಿಗೆ ದಾರಿ ಅಗಲವಿರಬೇಕು, ದೂಳಿಗೆ ಇರಬಾರದು. ಫಿಲ್ಟರ್ ಕಟ್ಟಿಕೊಂಡಾಗ ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಹಾಗಾಗಿ ಕರಿ ಹೊಗೆ. ತೆಗೆದುಬಿಟ್ಟಾಗ ಗಾಳಿ ಧಾರಾಳ, ಹಾಗಾಗಿ ಎಳೆತ. ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಕಾರಿಗೆ ಎಳೆತ ಬಂದದ್ದು ಕಟ್ಟಿಕೊಂಡ ಮೂಗು ಬಿಟ್ಟದ್ದರಿಂದ, ಮೂಗು ಇಲ್ಲದ್ದರಿಂದ ಅಲ್ಲ. ಹೊಸ ಫಿಲ್ಟರ್ ಹಾಕಿದ್ದರೂ ಅದೇ ಎಳೆತ ಬರುತ್ತಿತ್ತು.

‘ಬಟ್ಟೆ ಕಟ್ಟಿದರೆ ಆಗಲ್ವಾ?’ ಎಂದು ಸೊಸೆ ಕೇಳಿದಳು. ಮೇಸ್ತ್ರಿ ನಕ್ಕರು. ‘ರವೆ ಜರಡಿಯಾಗ ಮೈದಾ ನಿಲ್ತೈತೇನವ್ವಾ?’ ಬಟ್ಟೆ ದಪ್ಪ ಕಣವನ್ನು ತಡೆದೀತು. ಎಂಜಿನ್ನನ್ನು ತಿನ್ನುವುದು ಕಣ್ಣಿಗೆ ಕಾಣದ ಸಣ್ಣ ಕಣ. ಜೊತೆಗೆ, ಎಂಜಿನ್ ಎಳೆಯುವ ರಭಸಕ್ಕೆ ಬಟ್ಟೆಯೇ ಒಳಗೆ ಹೋಗಿ ಸಿಕ್ಕಿಕೊಂಡರೂ ಹೋಯಿತು.

ಉಗುರಿಗೆ ಸಿಕ್ಕ ಮೆಟ್ಟಿಲು

ಬಿಚ್ಚಿಟ್ಟ ಎಂಜಿನ್ ಪಕ್ಕದ ಸ್ಟೂಲಿನಲ್ಲಿ ಒಬ್ಬರು ಸುಮ್ಮನೆ ಕೂತಿದ್ದರು. ಅದು ಅವರದೇ ಟಿಪ್ಪರಿನ ಎಂಜಿನ್. ಮೇಸ್ತ್ರಿ ಮೊಮ್ಮಗಳ ಕೈ ಹಿಡಿದು ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಆಡಿಸಲು ಹೇಳಿದರು. ‘ಏನಾರ ತಗಲ್ತಾ?’ ‘ಹ್ಞೂಂ, ಇಲ್ಲಿ ಮೆಟ್ಟಿಲಿನ ಹಾಗೆ ಇದೆ.’ ಪಿಸ್ಟನ್ ಓಡಾಡುವ ಜಾಗ ಸವೆದು, ಅದು ತಲುಪದ ಮೇಲಿನ ಅಂಚು ಮಾತ್ರ ಹಾಗೇ ಉಳಿದು ಆದ ಮೆಟ್ಟಿಲು ಅದು.

ಪಿಸ್ಟನ್ನಿಗೂ ಗೋಡೆಗೂ ನಡುವೆ ಉಂಗುರಗಳಿರುತ್ತವೆ. ಮೆಕ್ಯಾನಿಕ್ಕರ ಬಾಯಲ್ಲಿ ರಿಂಗು. ರಿಂಗಿಗೂ ಗೋಡೆಗೂ ನಡುವೆ ಇರುವುದು ಎಣ್ಣೆಯ ಒಂದು ಪದರ ಮಾತ್ರ, ತಲೆಗೂದಲಿಗಿಂತ ಎಷ್ಟೋ ತೆಳು. ಅಷ್ಟು ಸಂದಿಯಲ್ಲಿ ಹೋಗಿ ಸೇರುವಷ್ಟು ಸಣ್ಣ, ಕಬ್ಬಿಣವನ್ನು ಗೀರುವಷ್ಟು ಗಟ್ಟಿ ಕಣ ಬಂತೆಂದರೆ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಪಾತ್ರೆ ತಿಕ್ಕುವ ಪುಡಿ ಕಲಸಿದಂತಾಗುತ್ತದೆ. ಅದಿರಿನ ಕಣವೂ ಗಟ್ಟಿ, ಅದರೊಂದಿಗೆ ಬರುವ ಬೆಣಚುಕಲ್ಲಿನ ಕಣ ಇನ್ನೂ ಗಟ್ಟಿ. ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಹೋಗುತ್ತಾ ತನ್ನ ಗೋಡೆಯನ್ನು ತಾನೇ ತಿಕ್ಕುತ್ತದೆ. ಆ ಎಣ್ಣೆ ಬೇರಿಂಗುಗಳಿಗೂ ಹರಿದು ಅಲ್ಲಿಯೂ ತಿಕ್ಕುತ್ತದೆ. ಟರ್ಬೊ ಚಕ್ರದ ರೆಕ್ಕೆಗಳಿಗೆ ಕಣಗಳು ಬಡಿದು ಅಂಚು ಹಾಳಾಗುತ್ತದೆ.

ಸ್ಟೂಲಿನ ಮೇಲಿದ್ದವರು ಮೆಲ್ಲಗೆ ಹೇಳಿದರು: ‘ಫಿಲ್ಟರ್ ಕಟ್ಟಿ ಗಾಡಿ ಎಳೀವಲ್ದಾಗಿತ್ತು. ದಿನಕ್ಕೆ ಇಷ್ಟು ಟ್ರಿಪ್ ಆಗ್ಲೇಬೇಕು, ಕಂತು ಕಟ್ಟಬೇಕಲ್ಲ. ತೆಗೆದು ಹೊಡದೆ. ಒಂದು ವಾರ ಕುದುರಿ ಹಾಂಗ ಓಡ್ತು ನೋಡ್ರಿ. ಎರಡು ವಾರ, ಮೂರು ವಾರ, ಏನೂ ಆಗಲಿಲ್ಲ. ಅದಕ್ಕೇ ಮತ್ತೆ ಹಾಕೋ ಗೋಜಿಗೇ ಹೋಗಲಿಲ್ಲ.’ ಆಮೇಲೆ ಎಣ್ಣೆ ಕಡಿಮೆಯಾಗತೊಡಗಿತು. ನೀಲಿ ಹೊಗೆ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡಿತು. ಕೊನೆಗೆ ಖಾಲಿ ಗಾಡಿಯೂ ಏರು ಹತ್ತಲಿಲ್ಲ. ಎಂಜಿನ್ ಬೋರಿಗೆ ಬಂದಿತ್ತು. ಫಿಲ್ಟರಿನ ಬೆಲೆ ಕೆಲವು ನೂರು. ಎಂಜಿನ್ ಕೆಲಸದ ಬೆಲೆ ಸಾವಿರಗಳಲ್ಲಿ ನಿಲ್ಲುವುದಿಲ್ಲ. ‘ಗಾಡಿ ನಿಂತೈತಿ, ಕಂತು ನಿಲ್ಲಂಗಿಲ್ಲ. ಮಗಳ ಕಾಲೇಜು ಫೀಜಿಗೆ ಎತ್ತಿಟ್ಟಿದ್ದು ಇದಕ್ಕ ಹೋತು’ ಎಂದು ಅವರು ಬೇವಿನ ಮರದ ಕಡೆ ನೋಡಿದರು.

ಯಾರೂ ಮಾತಾಡಲಿಲ್ಲ. ಮಗ ಕಾರಿನ ಕೀ ತೆಗೆದು ಜೇಬಿಗೆ ಹಾಕಿಕೊಂಡ.

ಒಂದೇ ದಿನ, ಹತ್ತು ಕಿಲೋಮೀಟರ್ ಹೋದ ಮಾತ್ರಕ್ಕೆ ಎಂಜಿನ್ ಮುರಿದು ಬೀಳುತ್ತದೆಯೇ? ಇಲ್ಲ ಎಂದು ಮೇಸ್ತ್ರಿಯೇ ಹೇಳಿದರು. ದೂಳಿಲ್ಲದ ಊರಿನ ಟಾರು ರಸ್ತೆಯಲ್ಲಿ ಸ್ವಲ್ಪ ದೂರಕ್ಕೆ ಗೊತ್ತೂ ಆಗಲಿಕ್ಕಿಲ್ಲ. ಆದರೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅದಿರಿನ ಲಾರಿಗಳ ಹಿಂದೆ ಹತ್ತು ಕಿಲೋಮೀಟರ್ ಎಂದರೆ ಅದೇ ಬೇರೆ ಲೆಕ್ಕ. ತೊಂದರೆ ಇವತ್ತೇ ಕಂಡಿದ್ದರೆ ಯಾರೂ ಫಿಲ್ಟರ್ ತೆಗೆಯುತ್ತಿರಲಿಲ್ಲ. ಅದು ನಾಳೆ ಕಾಣುವುದರಿಂದಲೇ ಜನ ಮೋಸಹೋಗುತ್ತಾರೆ.

ನಮ್ಮ ಕಾರಿಗೆ ಹೊಂದುವ ಫಿಲ್ಟರ್ ಸಂಡೂರಿನಲ್ಲಿ ಅಂದು ಸಿಗಲಿಲ್ಲ. ಮೇಸ್ತ್ರಿ ಹೊಸಪೇಟೆಯ ಅಂಗಡಿಗೆ ಫೋನ್ ಮಾಡಿದರು. ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುವುದೆಂದು ಗೊತ್ತಾಯಿತು. ಅಲ್ಲಿಯವರೆಗೆ ಕಾರು ಬೇವಿನ ನೆರಳಲ್ಲಿ, ನಾವು ಆಟೊದಲ್ಲಿ.

ಕಾದ ಮಧ್ಯಾಹ್ನದಲ್ಲಿ ಕಂಡ ಊರು

ಹಾಗೆ ಕಾಯದಿದ್ದರೆ ನಾವು ಸಂಡೂರನ್ನು ದಾಟಿಹೋಗುತ್ತಿದ್ದೆವೇ ಹೊರತು ನೋಡುತ್ತಿರಲಿಲ್ಲ. ಮೊದಲು ಹೋದದ್ದು ಕುಶಲ ಕಲಾ ಕೇಂದ್ರಕ್ಕೆ. ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಇಲ್ಲಿ ಕಸೂತಿ ಮಾಡುತ್ತಾರೆ. ಕನ್ನಡಿ ಚೂರು, ಕವಡೆ, ಬಣ್ಣದ ದಾರ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಎಂದರೆ ಈ ಹೆಸರನ್ನು ಈ ಸೀಮೆಯ ಕೆಲಸಕ್ಕೆ ಮಾತ್ರ ಬಳಸಬಹುದು. ಸೊಸೆ ಒಂದು ಚೀಲ ಕೊಂಡಳು. ಮೊಮ್ಮಗಳು ಅದರ ಹೊಲಿಗೆಗಳನ್ನು ಎಣಿಸಲು ಹೋಗಿ ನಡುವೆ ಕೈಬಿಟ್ಟಳು.

ಅಲ್ಲಿಂದ ತಾರಾನಗರದ ಬಳಿಯ ನಾರಿಹಳ್ಳ ಜಲಾಶಯ. ಮಳೆಗಾಲ ಮುಗಿದ ಹೊತ್ತಿಗೆ ಬೆಟ್ಟಗಳ ಹಸಿರು ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಬಳ್ಳಾರಿ ಎಂದರೆ ಬಿಸಿಲು ಎಂದು ತಿಳಿದವರು ಇಲ್ಲಿ ಒಮ್ಮೆ ಬಂದು ನಿಲ್ಲಬೇಕು. ತಂಗಾಳಿ ಬೀಸುತ್ತಿತ್ತು. ದೂರದಲ್ಲಿ ಬೆಟ್ಟದ ಒಂದು ಪಕ್ಕ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕೆಂಪಾಗಿತ್ತು.

ವಾಪಸ್ ಬರುವಾಗ ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಕೂತೆವು. ಅಂಗಡಿಯಮ್ಮ ಹಾಲಿನ ಪಾತ್ರೆಗೆ ತಟ್ಟೆ, ಸಕ್ಕರೆಗೆ ಮುಚ್ಚಳ, ಬನ್ನಿಗೆ ಗಾಜಿನ ಡಬ್ಬಿ ಇಟ್ಟು, ತಾವು ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದರು. ಒಂದೊಂದು ಲಾರಿ ಹೋದಾಗಲೂ ಆ ಸೆರಗು ತಾನಾಗಿ ಮೇಲೇರುತ್ತಿತ್ತು. ‘ದಿನಾ ಎರಡು ಸಲ ಅಂಗಡಿ ಒರೆಸ್ತೀನಿ. ಎದಿ ಒಳಗಿಂದು ಹೆಂಗ ಒರೆಸ್ಲಿ?’ ಎಂದು ನಗುತ್ತಲೇ ಅಂದರು.

ನಮ್ಮ ಮೂಗಿನೊಳಗೂ ಫಿಲ್ಟರ್ ಇದೆ. ಕೂದಲು ದಪ್ಪ ಕಣವನ್ನು ಹಿಡಿಯುತ್ತದೆ, ಸಿಂಬಳದ ಅಂಟಿಗೆ ಉಳಿದದ್ದು ಮೆತ್ತಿಕೊಳ್ಳುತ್ತದೆ. ಮೊಮ್ಮಗ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಕೆಂಪು ಕಲೆ ತೋರಿಸಿದ. ಹಿಂದಿನ ಜೀಪು, ಟ್ರ್ಯಾಕ್ಟರುಗಳಲ್ಲಿ ಏರ್ ಕ್ಲೀನರ್ ಕೆಲಸ ಮಾಡುತ್ತಿದ್ದುದೂ ಹೀಗೇ. ಡಬ್ಬಿಯ ತಳದಲ್ಲಿ ಎಣ್ಣೆ. ಗಾಳಿ ರಭಸದಿಂದ ಕೆಳಗಿಳಿದು ಎಣ್ಣೆಯ ಹತ್ತಿರ ತಟ್ಟನೆ ಮೇಲಕ್ಕೆ ತಿರುಗಬೇಕು. ಹಗುರ ಗಾಳಿ ತಿರುಗುತ್ತದೆ, ಭಾರದ ದೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಉಳಿದದ್ದನ್ನು ಮೇಲಿನ ಎಣ್ಣೆ ಜಿಡ್ಡಿನ ಜಾಲರಿ ಹಿಡಿಯುತ್ತದೆ. ಮೊರದಲ್ಲಿ ಕೇರುವಾಗ ಜೊಳ್ಳು ಹಾರಿ ಕಾಳು ಉಳಿಯುವುದಿಲ್ಲವೇ, ಇದೂ ಅದೇ ಉಪಾಯ. ಆದರೆ ಎಂಜಿನ್ನಿಗೆ ಹೊಸ ಫಿಲ್ಟರ್ ತರಿಸಬಹುದು, ಹೊಸ ಬೋರ್ ಮಾಡಿಸಬಹುದು. ಅತಿ ಸಣ್ಣ ದೂಳು ಮೂಗನ್ನೂ ದಾಟಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ರಿಂಗು ಬದಲಿಸುವ ಮೇಸ್ತ್ರಿ ಇಲ್ಲ. ಲಾರಿಯ ಮೇಲಿನ ತಾಡಪಾಲು, ರಸ್ತೆಗೆ ಚಿಮುಕಿಸುವ ನೀರು, ದೋಣಿಮಲೈನಲ್ಲಿ ಅದಿರನ್ನು ಬೆಟ್ಟದಿಂದ ಇಳಿಸುವ ಕನ್ವೇಯರ್ ಪಟ್ಟಿ, ದಾರಿ ಬದಿಯ ಮರಗಳು ಎಲ್ಲವೂ ಆ ಅಂಗಡಿಯಮ್ಮನ ಫಿಲ್ಟರುಗಳೇ. ಅವುಗಳಲ್ಲಿ ಒಂದನ್ನು ತೆಗೆದರೂ ಅಂದೇ ಏನೂ ಆಗುವುದಿಲ್ಲ, ಟಿಪ್ಪರಿನ ಹಾಗೆ.

‘ಅಜ್ಜಾ, ವಿಮಾನಕ್ಕೆ ಏರ್ ಫಿಲ್ಟರ್ ಇದೆಯಾ?’ ಮೊಮ್ಮಗನ ಪ್ರಶ್ನೆ. ದೊಡ್ಡ ಜೆಟ್ ವಿಮಾನದ ಎಂಜಿನ್ನಿಗೆ ಇಲ್ಲ. ಅಷ್ಟು ಗಾಳಿಯನ್ನು ಸೋಸುವ ಕಾಗದ ಎಲ್ಲಿಂದ ತರುವುದು? ಎತ್ತರದ ಆಕಾಶ ಸ್ವಚ್ಛವಾಗಿರುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ 1982ರ ಜೂನ್ 24ರ ರಾತ್ರಿ ಇಂಡೊನೇಷ್ಯಾದ ಜಾವಾ ದ್ವೀಪದ ಬಳಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ನಾಲ್ಕೂ ಎಂಜಿನ್ ಒಂದರ ಹಿಂದೆ ಒಂದು ನಿಂತವು. ಬೂದಿ ಎಂಜಿನ್ನಿನ ಬಿಸಿಗೆ ಕರಗಿ ಒಳಗೆ ಅಂಟಿಕೊಂಡಿತ್ತು. ಸುಮಾರು 37,000 ಅಡಿ ಎತ್ತರದಲ್ಲಿದ್ದ ವಿಮಾನ ಗಾಳಿಪಟದ ಹಾಗೆ ತೇಲುತ್ತಾ ಸುಮಾರು 13,000 ಅಡಿಗೆ ಇಳಿಯಿತು. ಬೂದಿಯ ಮೋಡದಿಂದ ಹೊರಬಂದು ಎಂಜಿನ್ ತಣ್ಣಗಾದಾಗ ಅಂಟಿದ್ದು ಗಟ್ಟಿಯಾಗಿ ಒಡೆದು ಉದುರಿತು. ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು. ವಿಮಾನ ಜಕಾರ್ತದಲ್ಲಿ ಇಳಿಯಿತು, ಎಲ್ಲರೂ ಬದುಕಿದರು. ಈಗ ಎಲ್ಲಿ ಜ್ವಾಲಾಮುಖಿ ಬೂದಿ ಎದ್ದರೂ ವಿಮಾನಗಳನ್ನು ದೂರದಿಂದಲೇ ಬೇರೆ ದಾರಿಗೆ ತಿರುಗಿಸುತ್ತಾರೆ. ಮೊಮ್ಮಗ ಚಹಾ ಲೋಟದ ಮೇಲೆ ಅಂಗೈ ಮುಚ್ಚಿಕೊಂಡೇ ಇಷ್ಟನ್ನೂ ಕೇಳಿದ.

ಸಂಜೆ ಹೊಸಪೇಟೆಯ ಬಸ್ಸು ಬಂತು. ಕಂಡಕ್ಟರ್ ಕಿಟಕಿಯಿಂದ ರಟ್ಟಿನ ಡಬ್ಬಿ ಚಾಚಿದರು. ಗ್ಯಾರೇಜಿನಲ್ಲಿ ಮೇಸ್ತ್ರಿ ಅದನ್ನು ತಾವು ಮುಟ್ಟಲಿಲ್ಲ. ಹುಡುಗನ ಕೈಗೆ ಕೊಟ್ಟರು. ಅವನು ಮೊದಲು ಡಬ್ಬಿಯ ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ರಬ್ಬರ್ ಅಂಚು ಸುತ್ತಲೂ ಸರಿಯಾಗಿ ಕೂರುವಂತೆ ಬೆರಳಿನಿಂದ ಒತ್ತಿ, ನಾಲ್ಕು ಕ್ಲಿಪ್ಪು ಹಾಕಿದ. ಅಂಚಿನಲ್ಲಿ ಸಂದಿ ಬಿಟ್ಟರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಮಗ ಚಾಲೂ ಮಾಡಿದ. ಮಧ್ಯಾಹ್ನದ ಜೋರು ದನಿ ಅಡಗಿ, ಎಂಜಿನ್ ಮೊದಲಿನಂತೆ ಮೆತ್ತಗೆ ಮಾತಾಡಿತು. ಗಾಳಿ ಎಳೆಯುವ ಸದ್ದನ್ನು ತಗ್ಗಿಸುವುದೂ ಆ ಡಬ್ಬಿಯ ಕೆಲಸವೇ. ಮೇಸ್ತ್ರಿ ಫಿಲ್ಟರಿನ ದುಡ್ಡು, ಬಸ್ಸಿನವರಿಗೆ ಕೊಟ್ಟದ್ದು ಬಿಟ್ಟರೆ ಕೂಲಿ ತೆಗೆದುಕೊಳ್ಳಲಿಲ್ಲ. ‘ಹಳೇದು ಹರದದ್ದು ನಮ್ಮ ಹುಡುಗ ಅಲ್ಲೇನ್ರೀ’ ಎಂದರು.

ಲೋಹಾಚಲದ ಮೇಲೆ

ಮರುದಿನ ಬೆಳಿಗ್ಗೆ ಬೇಗನೆ ಹೊರಟು ಬೆಟ್ಟ ಹತ್ತಿದೆವು. ಲಾರಿಗಳು ಇನ್ನೂ ಎದ್ದಿರಲಿಲ್ಲ. ತಿರುವು ತಿರುವಿಗೂ ಕಾಡು ದಟ್ಟವಾಗುತ್ತಾ ಹೋಯಿತು. ಈ ಬೆಟ್ಟಕ್ಕೆ ಲೋಹಾಚಲ ಎಂಬ ಹೆಸರೂ ಇದೆ. ಅದಿರನ್ನು ಅಗೆಯುವ ಯಂತ್ರ ಬರುವ ಎಷ್ಟೋ ಶತಮಾನಗಳ ಮೊದಲೇ ಇಲ್ಲಿ ಲೋಹವಿದೆ ಎಂದು ಜನರಿಗೆ ಗೊತ್ತಿತ್ತೆಂಬುದಕ್ಕೆ ಹೆಸರೇ ಸಾಕ್ಷಿ. ಕುಮಾರಸ್ವಾಮಿಯ ಗುಡಿ, ಪಕ್ಕದಲ್ಲೇ ಬಾದಾಮಿ ಚಾಲುಕ್ಯರ ಕಾಲದ್ದೆಂದು ಹೇಳುವ ಪಾರ್ವತಿಯ ಗುಡಿ. ಕಲ್ಲು ತಣ್ಣಗಿತ್ತು. ಪಾರ್ವತಿಯ ಗುಡಿಯ ಕಂಬಗಳ ನಡುವೆ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರು. ಮರಗಳ ಎಲೆ ಇಲ್ಲಿ ಎಲೆಯ ಬಣ್ಣದಲ್ಲೇ ಇತ್ತು. ಮೊಮ್ಮಗಳು ಒಂದು ಎಲೆಯನ್ನು ಬಿಳಿ ಕರವಸ್ತ್ರದಿಂದ ಒರೆಸಿ ನೋಡಿದಳು, ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಇಳಿಯುವಾಗ ಕೆಳಗಿನ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಲು ಹೇಳಿ, ಅಲ್ಲೊಂದು ಹೊಂಗೆಯ ಎಲೆಯನ್ನೂ ಒರೆಸಿದಳು. ಈ ಸಲ ಕೆಂಪು. ಎಲೆಯೂ ಸಣ್ಣ ರಂಧ್ರಗಳಿಂದ ಉಸಿರಾಡುತ್ತದೆಂದು ಅವಳು ಶಾಲೆಯಲ್ಲಿ ಓದಿದ್ದಳು. ಕುಡಿಯುವ ನೀರಿನ ಬಾಟಲಿಯಿಂದ ಆ ಗಿಡದ ಮೇಲೆ ಅಷ್ಟು ನೀರು ಸುರಿದು ಬಂದಳು.

ಸಂಡೂರಿಗೆ ಹೋಗುವುದಾದರೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಒಳ್ಳೆಯ ಕಾಲ. ಹೊಸಪೇಟೆ ಮತ್ತು ಬಳ್ಳಾರಿಯಿಂದ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಹೊಸಪೇಟೆಯಲ್ಲೋ ತೋರಣಗಲ್ಲಿನಲ್ಲೋ ಇಳಿಯಬಹುದು. ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿ. ಮೂಗಿಗೆ ಮಾಸ್ಕ್ ಇಲ್ಲವೇ ಒದ್ದೆ ಕರವಸ್ತ್ರ ಇರಲಿ, ಉಬ್ಬಸವಿರುವ ಹಿರಿಯರಿಗೂ ಮಕ್ಕಳಿಗೂ ಇದು ಮುಖ್ಯ. ಸ್ವಂತ ವಾಹನವಾದರೆ ಫಿಲ್ಟರನ್ನು ಹೊರಡುವ ಮೊದಲೇ ತೆಗೆದು ಬೆಳಕಿಗೆ ಹಿಡಿದು ನೋಡಿ. ಬೆಳಕು ಎಲ್ಲ ಕಡೆ ಸಮನಾಗಿ ಹಾಯ್ದರೆ ಸರಿ, ಹಾಯದಿದ್ದರೆ ಕಟ್ಟಿದೆ, ಒಂದೇ ಕಡೆ ಚುಕ್ಕಿಯಂತೆ ಮಿಂಚಿದರೆ ತೂತಾಗಿದೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ. ಮೆಲ್ಲಗೆ ತಟ್ಟಿ, ಗಾಳಿ ಹೊಡೆಯುವುದಾದರೆ ಎಂಜಿನ್ ಕಡೆಯ ಮುಖದಿಂದ ಹೊರಕ್ಕೆ, ಮೆಲ್ಲಗೆ. ಇಂಥ ಸೀಮೆಗೆ ಹೋಗುವಾಗ ಡಿಕ್ಕಿಯಲ್ಲಿ ಒಂದು ಹೊಸ ಫಿಲ್ಟರ್ ಇದ್ದರೆ ಹಗುರ ಸಾಮಾನು, ದೊಡ್ಡ ನೆಮ್ಮದಿ. ಲಾರಿಯ ಹಿಂದೆ ಅಂಟಿಕೊಂಡು ಹೋಗಬೇಡಿ. ದೂಳು ಕೂರುವಷ್ಟು ಅಂತರ ಬಿಡಿ. ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ಹೊಡೆಯಲಿ, ಅವರನ್ನು ಮುಂದೆ ಬಿಡಿ.